ಹಕ್ಕಿ ನೋಡುವವರ ನಡಿಗೆ

ಭದ್ರಾವತಿಯಿಂದ ಲಕ್ಕವಳ್ಳಿಯ ಕಡೆಗೆ ಹೊರಟವರಿಗೆ ಭದ್ರಾ ಅಣೆಕಟ್ಟಿನ ಸಮೀಪದಲ್ಲಿ ಶಂಕರಘಟ್ಟ ಸಿಗುತ್ತದೆ. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ‘ಜ್ಞಾನ ಸಹ್ಯಾದ್ರಿ’ ಇರುವುದು ಇಲ್ಲಿಯೇ. ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಸುತ್ತಲಿನ ಕಾಡು ಎಲೆ ಉದುರಿಸಿ ನಿಂತಿರುತ್ತದೆ. ಮುತ್ತುಗ ಅರಳಿರುತ್ತದೆ, ಬೂರುಗದ ಬರಿಯ ಕೊಂಬೆಗಳಲ್ಲಿ ಕೆಂಪು ಹೂ ತುಂಬಿ, ಅದರ ಮಕರಂದಕ್ಕಾಗಿ ಮೈನಾ, ಕಾಜಾಣ, ಪಿಕಳಾರಗಳ ಸಂತೆ ನೆರೆದಿರುತ್ತದೆ. ಎಲೆಯ ಮರೆ ಇಲ್ಲವಾದ್ದರಿಂದ ಹೊಸಬರ ಕಣ್ಣಿಗೂ ಹಕ್ಕಿಗಳು ಸುಲಭವಾಗಿ ಬೀಳುತ್ತವೆ. ಗುಂಪುಗೂಡಿ ಹಕ್ಕಿ, ಚಿಟ್ಟೆಗಳನ್ನು ನೋಡಹೊರಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಬರಿದೇ ನೋಡುವುದಕ್ಕೆಂದು ಹತ್ತು ಜನ ಕಾಡಿಗೆ ಹೋಗುವುದುಂಟೇ? ನಮ್ಮ ಅಜ್ಜಂದಿರು ಈ ಮಾತು ಕೇಳಿದ್ದರೆ ನಗುತ್ತಿದ್ದರು. ಅವರ ಕಾಲದ ಮಲೆನಾಡಿನಲ್ಲಿ ಗುಂಪಾಗಿ ಕಾಡು ಹೊಕ್ಕರೆ ಅದು ಬೇಟೆಗೆ. ಸೋವುವವರು, ಕೋವಿಯವರು, ನಾಯಿಗಳು ಸೇರಿದರೆ ಒಂದು ಗುಂಪಾಯಿತು. ವಿಜ್ಞಾನವೂ ಮೊದಮೊದಲು ಕೋವಿ ಹಿಡಿದೇ ಕಾಡಿಗೆ ಬಂದಿತು. 1883ರಲ್ಲಿ ಮುಂಬಯಿಯಲ್ಲಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದಾಗ ಅದರ ಸದಸ್ಯರಲ್ಲಿ ಶಿಕಾರಿಯ ಹವ್ಯಾಸದವರು ಅನೇಕರಿದ್ದರು. ಹಕ್ಕಿಯನ್ನು ಗುರುತಿಸಬೇಕಾದರೆ ಅದನ್ನು ಹೊಡೆದು, ಚರ್ಮವನ್ನು ಹದಮಾಡಿ, ಪೆಟ್ಟಿಗೆಯಲ್ಲಿಡಬೇಕೆಂಬುದೇ ಅಂದಿನ ವಾಡಿಕೆ.

ಈ ವಾಡಿಕೆಗೆ ಎದುರಾಗಿ ಬೇರೊಂದು ದಾರಿ ಕಂಡದ್ದು ಅಮೆರಿಕದಲ್ಲಿ. ಅಲ್ಲಿ ಕ್ರಿಸ್‌ಮಸ್ ದಿನ ಎರಡು ಪಂಗಡಗಳಾಗಿ ಹಕ್ಕಿಗಳನ್ನು ಹೊಡೆದು, ಯಾರ ರಾಶಿ ದೊಡ್ಡದೆಂದು ಪಂದ್ಯ ಕಟ್ಟುವ ರೂಢಿಯಿತ್ತು. ‘ಹೊಡೆಯುವುದೇಕೆ, ಎಣಿಸಿದರೆ ಸಾಲದೇ?’ ಎಂಬುದು ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿಶಾಸ್ತ್ರಜ್ಞರ ಆಲೋಚನೆ. 1900ರ ಡಿಸೆಂಬರ್ 25ರಂದು 27 ಮಂದಿ ಹೀಗೆ ಎಣಿಸಲು ಹೊರಟರು. ಆ ಎಣಿಕೆ ಇಂದಿಗೂ ವರ್ಷವರ್ಷವೂ ನಡೆಯುತ್ತಿದೆ.

ನಮ್ಮ ನಾಡಿನ ಹಕ್ಕಿಗಳನ್ನು ಕ್ರಮವಾಗಿ ಸಮೀಕ್ಷಿಸಿದವರು ಡಾ. ಸಲೀಂ ಅಲಿ. 1939-40ರಲ್ಲಿ ಅವರು ಮೈಸೂರು ಸಂಸ್ಥಾನದಲ್ಲಿ ಸಂಚರಿಸಿ ಸಿದ್ಧಪಡಿಸಿದ ವರದಿ 1942-43ರಲ್ಲಿ ಅಚ್ಚಾಯಿತು. ಆಗ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟಿರಲಿಲ್ಲ. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಡಾ. ಜೋಸೆಫ್ ಜಾರ್ಜ್ ಅವರು ಆಸಕ್ತರನ್ನು ಲಾಲ್‌ಬಾಗಿನಲ್ಲಿ ಕೂಡಿಸಿ, ಭಾನುವಾರದ ಬೆಳಗ್ಗೆ ಹಕ್ಕಿ ನೋಡುವ ನಡಿಗೆಯ ಪದ್ಧತಿ ಹಾಕಿದರು. ಪಂಡಿತರ ವಿದ್ಯೆ ಹೀಗೆ ಗುಮಾಸ್ತರಿಗೂ ಗೃಹಿಣಿಯರಿಗೂ ಶಾಲೆಯ ಮಕ್ಕಳಿಗೂ ಎಟುಕಿತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಪುಸ್ತಕಗಳಲ್ಲಿ ಹಕ್ಕಿಗಳ ಕನ್ನಡ ಹೆಸರುಗಳನ್ನು ಮನೆಮಾತಾಗಿಸಿದ ಮೇಲೆ, ಇಂಗ್ಲಿಷ್ ಬಾರದವರಿಗಿದ್ದ ಅಳುಕೂ ಕಡಮೆಯಾಯಿತು.

ಇನ್ನು ಶಂಕರಘಟ್ಟಕ್ಕೇ ಮರಳೋಣ. ಕಳೆದ ನೂರು ವರ್ಷಗಳಲ್ಲಿ ಈ ಸೀಮೆ ಕಂಡಷ್ಟು ಬದಲಾವಣೆಯನ್ನು ಕಂಡ ಊರುಗಳು ಕೆಲವೇ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿಕೊಂಡಾಗ, ಅದಕ್ಕೆ ಬೇಕಾದ ಇದ್ದಿಲು ಸುತ್ತಣ ಕಾಡಿನ ಮರಗಳಿಂದಲೇ ಬಂದಿತು. 1947ರಲ್ಲಿ ಅಣೆಕಟ್ಟಿನ ಕೆಲಸ ಮೊದಲಾಗಿ, ಕಣಿವೆಯ ಕಾಡೂ ಹಳ್ಳಿಗಳೂ ನೀರಿನಡಿ ಸೇರಿದವು. ಇತ್ತ 1951ರಲ್ಲಿ ಜಾಗರ ಕಣಿವೆಯನ್ನು ರಕ್ಷಿತ ಪ್ರದೇಶವೆಂದು ಸಾರಿದರು. ಲಕ್ಕವಳ್ಳಿಯ ಕಾಡನ್ನೂ ಸೇರಿಸಿಕೊಂಡು 1974ರಲ್ಲಿ ಅದು ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಮುಳುಗಿದ ಕಣಿವೆಯಲ್ಲಿ ಯಾವ ತಿಂಗಳು ಯಾವ ಹಕ್ಕಿ ಕೂಗುತ್ತಿತ್ತೆಂಬುದು ಅಲ್ಲಿ ಬದುಕಿದ್ದವರಿಗೆ ಬಾಯಿಪಾಠವಾಗಿತ್ತು. ಊರು ಚದುರಿದಾಗ ಆ ತಿಳಿವಳಿಕೆಯೂ ಚದುರಿತು. ಒಬ್ಬ ವಿದ್ವಾಂಸರು ಒಂದು ಚಳಿಗಾಲದಲ್ಲಿ ಮಾಡಿದ ಸಮೀಕ್ಷೆ, ಎಷ್ಟೇ ದೊಡ್ಡದಾದರೂ, ಊರೂರಿನ ದಿನಚರಿಯಾಗಲಾರದು.

ಕಾಡನ್ನು ಮುಳುಗಿಸಿದ ನೀರೇ ಮತ್ತೊಂದು ಜೀವಕ್ಕೆ ನೆಲೆ ಕೊಟ್ಟಿತೆಂಬುದು ಸೋಜಿಗ. ಜಲಾಶಯದ ಪೂರ್ಣ ಮಟ್ಟ 186 ಅಡಿ. ಬೇಸಿಗೆಯಲ್ಲಿ ನಾಲೆಗಳ ಮೂಲಕ ದಾವಣಗೆರೆಯ ಕಡೆಯ ಭತ್ತದ ಗದ್ದೆಗಳಿಗೆ ನೀರು ಹರಿದಂತೆ ಮಟ್ಟ ಇಳಿದು, ನಡುವೆ ಬೋಳು ದಿಬ್ಬಗಳು ತಲೆಯೆತ್ತುತ್ತವೆ. ಕರಿಯ ಟೋಪಿ, ಹಳದಿ ಕೊಕ್ಕು, ಕವಲು ಬಾಲದ ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಗುಂಪಾಗಿ ಇಳಿದು, ಬರಿಯ ನೆಲವನ್ನು ತುಸು ಕೆದರಿ ಎರಡು ಮೂರು ಮೊಟ್ಟೆಯಿಡುತ್ತವೆ. ಬೆಣಚುಕಲ್ಲಿನಂತಿರುವ ಆ ಮೊಟ್ಟೆಗಳು ಕಾಲಿನಡಿ ಬಂದರೂ ತಿಳಿಯುವುದಿಲ್ಲ. ಅಕಾಲದಲ್ಲಿ ನೀರೇರಿದರೆ, ಇಲ್ಲವೇ ಜನ ದಿಬ್ಬಕ್ಕೆ ಇಳಿದರೆ, ಆ ವರ್ಷದ ಮರಿಗಳಿಗೆ ಆಸೆಯಿಲ್ಲ. ಪ್ರಪಂಚದಲ್ಲಿ ಅಳಿವಿನ ಅಂಚಿಗೆ ಜಾರಬಹುದಾದ ಹಕ್ಕಿಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಇದನ್ನು ದೂರದಿಂದಲೇ ದುರ್ಬೀನಿನಲ್ಲಿ ನೋಡಬೇಕು.

ನಡಿಗೆಗೆ ಆಡಂಬರ ಬೇಕಿಲ್ಲ. ಎಂಟು ಹತ್ತು ಮಂದಿ, ಮಾಸಲು ಬಣ್ಣದ ಉಡುಪು, ಒಂದು ದುರ್ಬೀನು, ಒಂದು ಟಿಪ್ಪಣಿ ಪುಸ್ತಕ ಇದ್ದರಾಯಿತು. ಅಭಯಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಊರಂಚಿನ ದಾರಿ, ಕೆರೆಯ ಏರಿಗಳಲ್ಲಿಯೂ ನೋಡುವುದಕ್ಕೇನೂ ಕೊರತೆಯಿಲ್ಲ. ಬೆಳಗ್ಗೆ ಆರರಿಂದ ಹಕ್ಕಿಗಳ ಸರದಿ. ಬಿಸಿಲಿಗೆ ಮೈ ಕಾಯಿಸಿಕೊಳ್ಳದೆ ಚಿಟ್ಟೆಗಳು ಹಾರಲಾರವಾದ್ದರಿಂದ ಅವುಗಳ ಸರದಿ ಒಂಬತ್ತರ ಮೇಲೆ. ಹಳ್ಳದ ಒದ್ದೆ ಮರಳಿನಲ್ಲಿ ಅವು ಸಾಲಾಗಿ ಕುಳಿತು ಉಪ್ಪಿನಂಶ ಹೀರುವುದನ್ನು ಮಕ್ಕಳಿಗೆ ತೋರಿಸಬೇಕು. ಈಶ್ವರಿ ಬಳ್ಳಿಯಿರುವ ಕಡೆ, ಕರ್ನಾಟಕದ ರಾಜ್ಯ ಚಿಟ್ಟೆಯಾದ ಕಪ್ಪು-ಹಳದಿಯ ದೊಡ್ಡ ಚಿಟ್ಟೆ ಕಂಡರೂ ಕಾಣಬಹುದು.

ಮನೆಗೆ ಬಂದ ಮೇಲೆ ಒಂದು ಕೆಲಸ ಉಳಿಯುತ್ತದೆ. ದಿನಾಂಕ, ಜಾಗ, ಕಂಡ ಜೀವಿ, ಎಷ್ಟು ಎಂಬ ನಾಲ್ಕು ವಿವರಗಳನ್ನು ಬರೆದಿಡಬೇಕು. ಕಾಗೆ, ಗುಬ್ಬಿಯೆಂದು ಬಿಟ್ಟುಬಿಡಬಾರದು. ಇಂದು ಸಾಮಾನ್ಯವಾದುದು ನಾಳೆಯೂ ಸಾಮಾನ್ಯವಾಗಿರುತ್ತದೆಂಬ ಭರವಸೆಯಿಲ್ಲ. ಮುಳುಗಿದ ಕಣಿವೆಯ ಲೆಕ್ಕವನ್ನು ನಾವು ಇನ್ನು ಬರೆಯಲಾರೆವು. ಉಳಿದಿರುವ ದಡದ ಲೆಕ್ಕವನ್ನು ಬರೆಯಬಲ್ಲೆವು. ಬರುವ ಯುಗಾದಿಯಂದು ಬೇವು ಬೆಲ್ಲ ಹಂಚಿದ ಮೇಲೆ ಹೊಸ ಪುಸ್ತಕವೊಂದರಲ್ಲಿ ಮೊದಲ ಹೆಸರನ್ನು ಮನೆಯ ಮಗುವಿನ ಕೈಯಿಂದಲೇ ಬರೆಸಿದರೆ, ಅದು ಈ ಊರಿನ ಚರಿತ್ರೆಯ ಒಂದು ಪುಟವಾದೀತು.