ಬಳ್ಳಿಗಾವಿ, ಭಾಗ 3: ಕೋಡಿಯ ಮಠದಲ್ಲಿ ಊಟ ಯಾರಿಗೆ?

ಸ್ವೈಪ್ ಮಾಡ್ತಾ ಬನ್ನಿ. ಮೊದಲ ಮೂರು ಫೋಟೋ ಕೇದಾರೇಶ್ವರ ದೇವಸ್ಥಾನದ್ದು, ಕೊನೆಯದು ಆವರಣದಲ್ಲಿ ನಿಲ್ಲಿಸಿರೋ ಶಾಸನದ ಕಲ್ಲುಗಳು. ಲೈಕ್ ಬೀಳೋದು ಮೊದಲ ಮೂರಕ್ಕೇ ಅಂತ ಗೊತ್ತು. ಆದ್ರೆ ಇವತ್ತಿನ ಮಾತೆಲ್ಲ ಕೊನೆಯ ಫೋಟೋದ್ದು.

ಹಿಂದಿನ ಭಾಗದಲ್ಲಿ ಈ ದೇವಸ್ಥಾನ ನೋಡಿಕೊಳ್ತಿದ್ದವರು ಕಾಳಾಮುಖ ಶೈವರು ಅಂತ ಬರೆದಿದ್ದೆ. ಒಬ್ಬರು ಕೇಳಿದ್ರು, "ತಲೆಬುರುಡೇಲಿ ಊಟ ಮಾಡ್ತಿದ್ರಲ್ಲ, ಅವರೇನಾ ಬ್ರೋ?" ಒಳ್ಳೇ ಪ್ರಶ್ನೆ. ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ.

ಆ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ರಾಮಾನುಜಾಚಾರ್ಯರ ಶ್ರೀಭಾಷ್ಯದಲ್ಲೇ ಇದೆ. ಕಪಾಲದಲ್ಲಿ ಊಟ, ಹೆಣದ ಬೂದಿ ಮೈಗೆ, ಹೆಂಡದ ಕೊಡ ಇಟ್ಟು ಪೂಜೆ, ಇದು ಕಾಳಾಮುಖರ ದಾರಿ ಅಂತ. ಅವರಿಗಿಂತ ಮುಂಚೆ ಯಾಮುನಾಚಾರ್ಯರೂ ಇಂಥದ್ದೇ ಬರೆದಿದ್ರು. ಅವರಿಬ್ಬರೂ ಈ ಪಂಥವನ್ನ ಒಪ್ಪದವರು ಅನ್ನೋದು ನೆನಪಿರಲಿ.

ಈಗ ಇನ್ನೊಂದು ಕಡೆಯ ದಾಖಲೆ ನೋಡಿ. 1162ರ ಶಾಸನ, ಕಲಚುರಿ ಬಿಜ್ಜಳನ ಕಾಲದ್ದು. ಹೌದು, ಬಸವಣ್ಣನವರ ಕಥೆಯಲ್ಲಿ ಬರೋ ಅದೇ ಬಿಜ್ಜಳ. ಕೆರೆ ಕೋಡಿಯ ಹತ್ತಿರ ಇದ್ದಿದ್ದಕ್ಕೆ ಕೋಡಿಯ ಮಠ. (ಭವಿಷ್ಯ ಹೇಳೋ ಕೋಡಿಮಠ ಅರಸೀಕೆರೆ ಕಡೆಯದು, ಅದಲ್ಲ ಇದು!) ಆ ಮಠದಲ್ಲಿ ಏನೇನು ನಡೀತಿತ್ತು ಅಂತ ಶಾಸನ ಒಂದೊಂದಾಗಿ ಹೇಳುತ್ತೆ. ನಾಲ್ಕು ವೇದ. ಪಾಣಿನಿ ಮಾತ್ರವಲ್ಲ, ಕೌಮಾರ, ಶಾಕಟಾಯನ ಹೀಗೆ ಬೇರೆ ಬೇರೆ ವ್ಯಾಕರಣ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಅದರ ಜೊತೆ ಬೌದ್ಧ ದರ್ಶನ. ಪುರಾಣ, ಕಾವ್ಯ, ನಾಟಕ. ಶೈವ ಮಠದ ಸಿಲೆಬಸ್‌ನಲ್ಲಿ ಬೌದ್ಧ ದರ್ಶನ!

ನನ್ನನ್ನ ಹಿಡಿದು ನಿಲ್ಲಿಸಿದ್ದು ಅದಾದ್ಮೇಲೆ ಬರೋ ಊಟದ ಪಟ್ಟಿ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳೋರು, ಹಾಡೋರು, ವಾದ್ಯ ನುಡಿಸೋರು, ಕುಣಿಯೋರು. ಏಕದಂಡಿ, ತ್ರಿದಂಡಿ ಸನ್ಯಾಸಿಗಳು, ಕ್ಷಪಣಕರು (ಈ ಹೆಸರು ಸಾಮಾನ್ಯವಾಗಿ ಜೈನ ಯತಿಗಳಿಗೆ), ದೇಶದೇಶದ ಭಿಕ್ಷುಕರು. ಇವರಿಗೆಲ್ಲ ಅಲ್ಲಿ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಔಷಧಿ. ಎಲ್ಲ ಜೀವಿಗಳಿಗೂ ಅಭಯ.

ನಾನು ಪಿಯುಸಿ ಎರಡು ವರ್ಷ ಮಠದ ಉಚಿತ ಹಾಸ್ಟೆಲ್‌ನಲ್ಲಿ ಉಂಡು ಓದಿದವನು. ತಟ್ಟೆ ಹಿಡಿದು ಸಾಲಲ್ಲಿ ನಿಂತವರಿಗೆ ಈ ಪಟ್ಟಿ ಬೇರೆ ಥರ ಕೇಳಿಸುತ್ತೆ. ನಿನ್ನ ಮತ ಯಾವುದು ಅಂತ ಕೇಳಿ ಬಡಿಸಿದ್ರೆ ಇಷ್ಟು ಉದ್ದದ ಪಟ್ಟಿ ಬೇಕಿರಲಿಲ್ಲ.

ಹಾಗಂತ ಕಲ್ಲಿನ ಮೇಲಿರೋದೆಲ್ಲ ನಿಜ ಅಂತ ಕಣ್ಮುಚ್ಚಿ ನಂಬೋಕಾಗಲ್ಲ. ಶಾಸನ ಹೊಗಳಿಕೆಯ ಭಾಷೆಯಲ್ಲಿದೆ, ಕಂಪನಿಗಳ ವಾರ್ಷಿಕ ವರದಿಯ ಮೊದಲ ಪುಟಗಳ ಥರ. ಬಿಕಾಂನವರಿಗೆ ಗೊತ್ತು, ಅದನ್ನ ದಾಟಿ ಲೆಕ್ಕದ ಪುಟಕ್ಕೆ ಹೋಗ್ಬೇಕು. ಇಲ್ಲಿ ಲೆಕ್ಕದ ಪುಟ ಅಂದ್ರೆ ದಾನದ ಭಾಗ. ಮಠದ ಆಚಾರ್ಯರ ಕಾಲು ತೊಳೆದು ಭೂಮಿ ಕೊಡ್ತಾರೆ, ಯಾತಕ್ಕೆ ಅಂತಾನೂ ಬರೆಸ್ತಾರೆ. ಬಳ್ಳಿಗಾವಿಯ ದಾನಗಳಲ್ಲಿ ಮತ್ತೆ ಮತ್ತೆ ಬರೋದು ದೇವರ ಪೂಜೆ, ದೇವಸ್ಥಾನದ ರಿಪೇರಿ, ತಪಸ್ವಿಗಳ ಊಟ, ವಿದ್ಯಾದಾನ. ಹೊಗಳಿಕೆ ಒಂದು ಸಲ ಬರೆಸಬಹುದು. ಊಟಕ್ಕೆ, ಓದಿಗೆ ಅಂತ ತಲೆಮಾರುಗಟ್ಟಲೆ ಜನ ಜಮೀನು ಬಿಟ್ಟುಕೊಡ್ಬೇಕಾದ್ರೆ ಅಲ್ಲಿ ಊಟ, ಓದು ನಡೀತಿರಲೇಬೇಕು. ಅದೂ ಚಾಲುಕ್ಯರು ಹೋಗಿ ಕಲಚುರಿಗಳು ಬಂದು, ಆಮೇಲೆ ಹೊಯ್ಸಳರು ಬಂದ ಕಾಲ. ಬಿಜ್ಜಳನ ಕಾಲದಲ್ಲೂ ವೀರಬಲ್ಲಾಳನ ಕಾಲದಲ್ಲೂ ಇಲ್ಲಿ ವಾಮಶಕ್ತಿ ಅನ್ನೋ ಆಚಾರ್ಯರ ಹೆಸರೇ ಕಾಣುತ್ತೆ. ರಾಜರು ಬದಲಾದ್ರೂ ಮಠದ ಒಲೆ ಆರಲಿಲ್ಲ.

ಈ ಶಿಕಾರಿಪುರ ಶಾಸನಗಳನ್ನ ಬಿ.ಎಲ್. ರೈಸ್ 1902ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಪ್ರಕಟಿಸಿದ್ರು. 1972ರಲ್ಲಿ ಡೇವಿಡ್ ಲೊರೆನ್ಜೆನ್ ಕಾಪಾಲಿಕರು, ಕಾಳಾಮುಖರ ಮೇಲೇ ಒಂದು ಪುಸ್ತಕ ಬರೆದು ಇವರಿಬ್ಬರೂ ಬೇರೆ ಬೇರೆ ಅಂತ ತೋರಿಸಿದ್ರು. ಆದ್ರೂ ನಮ್ಮ ಬಾಯಲ್ಲಿ ಉಳಿದಿರೋದು ಬುರುಡೆ ಕಥೆನೇ. ಕಾಳಾಮುಖರು ತಮ್ಮ ಪರವಾಗಿ ಹೇಳಿಕೊಳ್ಳೋಕೆ ಇವತ್ತು ಒಬ್ಬರೂ ಇಲ್ಲ. ಅವರ ಮಠಗಳು ಮುಂದೆ ವೀರಶೈವ ಮಠಗಳಾದವು ಅನ್ನೋದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ರೆ ನಾನು ಉಂಡ ಅನ್ನಕ್ಕೂ ಈ ಕಲ್ಲಿಗೂ ದೂರದ ಸಂಬಂಧ ಇದ್ದರೂ ಇರಬಹುದು.

ದೇವಸ್ಥಾನಕ್ಕೆ ಮೂರು ಗರ್ಭಗುಡಿ, ಎರಡರಲ್ಲಿ ಲಿಂಗ, ಒಂದರಲ್ಲಿ ವಿಷ್ಣು. ಅದು ಚೆನ್ನಾಗಿ ಉಳಿದಿದೆ, ಫೋಟೋದಲ್ಲಿ ನೋಡಿದ್ರಿ. ಮಠ ಇದು ಅಂತ ಕೈ ತೋರಿಸೋಕೆ ಒಂದು ಕಟ್ಟಡ ಇಲ್ಲ. ಅದಕ್ಕೇ ಕಲ್ಲುಗಳ ಫೋಟೋ. ಹೋಗೋರು ಶಿರಾಳಕೊಪ್ಪಕ್ಕೆ ಬಸ್ ಹಿಡೀರಿ, ಅಲ್ಲಿಂದ ಹತ್ತಿರ.

ಮುಂದಿನ ಭಾಗ: ಗಂಡಭೇರುಂಡದ ಕಂಬ.