ಯಂತ್ರಕ್ಕೆ ಎರವಲು ಉಸಿರು

ಕಮ್ಮಾರಸಾಲೆಯ ತಿದಿಯನ್ನು ಕಂಡವರಿಗೆ ಸೂಪರ್‌ಚಾರ್ಜರಿನ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಹೆಚ್ಚಿದಂತೆ ಬೆಂಕಿ ಕೆರಳುತ್ತದೆ. ಮೋಟಾರು ಎಂಜಿನ್ನೂ ಬೆಂಕಿಯ ಯಂತ್ರವೇ. ಅದು ತಾನಾಗಿ ಹೀರಿಕೊಳ್ಳಬಲ್ಲ ಗಾಳಿಗೊಂದು ಮಿತಿಯುಂಟು. ಹೊರಗಿನಿಂದ ಗಾಳಿಯನ್ನು ಅದುಮಿ ತುಂಬಿದರೆ ಹೆಚ್ಚು ಪೆಟ್ರೋಲನ್ನು ಸುಡಬಹುದು, ಹೆಚ್ಚು ಬಲವನ್ನು ಪಡೆಯಬಹುದು. ಹಳೆಯ ಕಾರೊಂದನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದ ಹವ್ಯಾಸಿಗೆ, ತನ್ನ ಶೆಡ್ಡಿನಲ್ಲಿಯೇ ವಿದ್ಯುತ್ ಮೋಟಾರಿನಿಂದ ನಡೆಯುವ ಇಂಥದೊಂದು ತಿದಿಯನ್ನು ಕಟ್ಟೋಣವೆಂಬ ಆಸೆ ಹುಟ್ಟುವುದು ಸಹಜ. ಆದರೆ ತಿದಿಯನ್ನು ಒತ್ತುವವರು ಯಾರು? ಈ ವಿದ್ಯೆಯ ಚರಿತ್ರೆ ಆ ಪ್ರಶ್ನೆಯ ಸುತ್ತಲೇ ಬೆಳೆದಿದೆ.

ಅಮೆರಿಕದ ಇಂಡಿಯಾನಾ ಸಂಸ್ಥಾನದ ಕಾನರ್ಸ್‌ವಿಲ್ ಊರಿನಲ್ಲಿ ಉಣ್ಣೆಯ ಗಿರಣಿ ನಡೆಸುತ್ತಿದ್ದ ರೂಟ್ಸ್ ಸಹೋದರರು ನೀರಿನ ಚಕ್ರವನ್ನು ಸುಧಾರಿಸಲು ಹೊರಟರು. ಅವರು ಹೂಡಿದ ಯಂತ್ರ ನೀರಿಗಿಂತ ಗಾಳಿಯ ಕೆಲಸಕ್ಕೇ ಚೆನ್ನಾಗಿ ಒದಗಿತು. 1860ರಲ್ಲಿ ಪೇಟೆಂಟು ಪಡೆದ ಆ ಊದುಯಂತ್ರ ಎರಕದ ಕುಲುಮೆಗಳಿಗೂ ಗಣಿಗಳಿಗೂ ಗಾಳಿಯೊದಗಿಸಿತು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯೋಚನೆಗೆ ಗಾಟ್‌ಲೀಬ್ ಡೈಮ್ಲರ್ 1885ರಲ್ಲಿ ಪೇಟೆಂಟು ಪಡೆದರು. 1921ರ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಸಂಸ್ಥೆ ಸೂಪರ್‌ಚಾರ್ಜರುಳ್ಳ ಕಾರುಗಳನ್ನು ಜನರ ಮುಂದಿಟ್ಟಿತು.

ಈ ಕಥೆಯಲ್ಲಿ ನಿಜವಾದ ಜಗಳ ನಡೆದದ್ದು ಇಂಗ್ಲೆಂಡಿನಲ್ಲಿ. ಡಬ್ಲ್ಯು. ಓ. ಬೆಂಟ್ಲಿಯವರಿಗೆ ಊದುಯಂತ್ರವೆಂದರೆ ಆಗದು. ಬಲ ಬೇಕಾದರೆ ಎಂಜಿನ್ನನ್ನೇ ದೊಡ್ಡದು ಮಾಡಬೇಕು, ಇದ್ದದ್ದನ್ನು ಹಿಂಡಬಾರದು ಎಂಬುದು ಅವರ ಮತ. ಪಂದ್ಯದ ಚಾಲಕ ಟಿಮ್ ಬರ್ಕಿನ್ನರದು ನೇರ ವಿರುದ್ಧ ದಾರಿ. ಅವರು ಬೆಂಟ್ಲಿಯವರನ್ನು ಬಳಸಿಕೊಂಡು ಹೋಗಿ, ಸಂಸ್ಥೆಯ ಅಧ್ಯಕ್ಷ ವುಲ್ಫ್ ಬರ್ನಾಟೋ ಅವರ ಒಪ್ಪಿಗೆ ಪಡೆದರು. ಡೊರೊಥಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆ ಹಣ ಕೊಟ್ಟರು. ಆಮ್ಹರ್ಸ್ಟ್ ವಿಲಿಯರ್ಸ್ ಊದುಯಂತ್ರವನ್ನು ರೂಪಿಸಿದರು. ಅದು ಕುಳಿತದ್ದು ರೇಡಿಯೇಟರಿನ ಮುಂದೆ, ಬಯಲಿನಲ್ಲಿ. ಕ್ರ್ಯಾಂಕ್‌ಶಾಫ್ಟಿನ ತುದಿಯೇ ಅದನ್ನು ತಿರುಗಿಸುತ್ತಿತ್ತು. ನಾಲ್ಕೂವರೆ ಲೀಟರಿನ ಎಂಜಿನ್ನಿನ ಬಲ 110ರಿಂದ 175 ಅಶ್ವಶಕ್ತಿಗೆ ಏರಿತು. ಲ ಮಾನ್ಸ್ ಪಂದ್ಯದ ನಿಯಮಕ್ಕಾಗಿ ಇಂಥ 50 ಕಾರುಗಳನ್ನು ಕಟ್ಟಬೇಕಾಯಿತು.

1930ರ ಲ ಮಾನ್ಸ್‌ನಲ್ಲಿ ಬರ್ಕಿನ್ನರು ಕರಾಚ್ಚಿಯೋಲಾ ಅವರ ಮರ್ಸಿಡಿಸ್ಸನ್ನು ಬೆನ್ನಟ್ಟಿದ ಓಟ ಇಂದಿಗೂ ರಸಿಕರ ಬಾಯಲ್ಲಿದೆ. ಕಡೆಗೆ ಮರ್ಸಿಡಿಸ್ಸೂ ನಿಂತಿತು, ಊದುಯಂತ್ರದ ಬೆಂಟ್ಲಿಗಳೂ ನಿಂತವು. ಮೊದಲೆರಡು ಸ್ಥಾನ ಪಡೆದವು, ಊದುಯಂತ್ರವಿಲ್ಲದ, ಆರೂವರೆ ಲೀಟರಿನ ಬೆಂಟ್ಲಿಗಳು! ಗೆದ್ದದ್ದು ಬೆಂಟ್ಲಿಯವರ ಮತ. ಜನರು ನೆನಪಿಟ್ಟುಕೊಂಡದ್ದು ಬರ್ಕಿನ್ನರ ಕಾರನ್ನು. ಇದನ್ನು ಅನ್ಯಾಯವೆಂದು ಹೇಳಲು ನನಗೆ ಮನಸ್ಸು ಬಾರದು.

ಇನ್ನು ನಮ್ಮ ಹವ್ಯಾಸಿಯ ಶೆಡ್ಡಿಗೆ ಬರೋಣ. 1962ರಲ್ಲಿ ಹೊರಬಂದ ಎಂಜಿಬಿ ಕಾರು ಅಲ್ಲಿದೆಯೆನ್ನಿ. ಎಂಜಿನ್ನು ಸುಮಾರು 1800 ಸಿ.ಸಿ. ನಿಮಿಷಕ್ಕೆ 5000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ 60 ಲೀಟರಿಗೂ ಮಿಕ್ಕಿ ಗಾಳಿಯನ್ನು ಬೇಡುತ್ತದೆ. ಇಷ್ಟು ಗಾಳಿಯನ್ನು ಚದರಂಗುಲಕ್ಕೆ ನಾಲ್ಕು ಪೌಂಡಿನಷ್ಟು ಹೆಚ್ಚು ಒತ್ತಡದಲ್ಲಿ ಅದುಮಲು ಸುಮಾರು ಮೂರೂವರೆ ಕಿಲೋವ್ಯಾಟ್ ಬೇಕು. ಅದುಮಿದ ಗಾಳಿ ಕಾಯುವುದರಿಂದ ಬಲದಲ್ಲಿ ದಕ್ಕುವ ಲಾಭ ನೂರಕ್ಕೆ ಹದಿನೈದರ ಆಸುಪಾಸು. ಕೂದಲೊಣಗಿಸುವ ಯಂತ್ರದ ಪುಟ್ಟ ಬೀಸಣಿಗೆಯನ್ನು ಗಾಳಿಯ ಕೊಳವೆಗೆ ಸಿಕ್ಕಿಸಿದವರ ಶ್ರಮ ಏಕೆ ವ್ಯರ್ಥವಾಯಿತೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ: ಅಂಥ ಬೀಸಣಿಗೆ ಕೂಡುವುದಕ್ಕಿಂತ ಉಸಿರಿಗೆ ಅಡ್ಡ ಬರುವುದೇ ಹೆಚ್ಚು. ಬಲ್ಲವರು ಸ್ಟಾರ್ಟರ್ ಮೋಟಾರಿನ ಜಾತಿಯ ಗಟ್ಟಿ ಮೋಟಾರನ್ನು ಹುಡುಕುತ್ತಾರೆ.

ತೊಡಕು ಅಲ್ಲಿಗೇ ಮುಗಿಯದು. ಹಳೆಯ ಕಾರಿನ ಪೆಟ್ರೋಲ್ ಪಂಪು ತಳ್ಳುವುದು ಚದರಂಗುಲಕ್ಕೆ ಸುಮಾರು ಮೂರು ಪೌಂಡಿನ ಒತ್ತಡದಲ್ಲಿ. ಕಾರ್ಬುರೇಟರಿನೊಳಗಿನ ಗಾಳಿಯ ಒತ್ತಡ ಅದನ್ನು ಮೀರಿದರೆ, ಹೆಚ್ಚು ಪೆಟ್ರೋಲು ಬೇಕಾದ ಗಳಿಗೆಯಲ್ಲಿಯೇ ಪೆಟ್ರೋಲು ಒಳಗೆ ಬಾರದೆ ಹೋಗುತ್ತದೆ. ಅರೆಹೊಟ್ಟೆಯಲ್ಲಿ ಉರಿಯುವ ಎಂಜಿನ್ನು ಪಿಸ್ಟನ್ನುಗಳನ್ನೇ ಕರಗಿಸಿಬಿಡಬಹುದು. ಆದ್ದರಿಂದ ಪಂಪನ್ನು ಬದಲಿಸಬೇಕು, ಕಿಡಿ ಹಾರುವ ಗಳಿಗೆಯನ್ನು ಹಿಂದಕ್ಕೆ ಸರಿಸಬೇಕು. ತಿದಿ ಕಟ್ಟುವುದಕ್ಕಿಂತ ಈ ಕೆಲಸವೇ ಹೆಚ್ಚು ತಾಳ್ಮೆ ಬೇಡುವುದು.

2016ರಲ್ಲಿ ಆಡಿ ಸಂಸ್ಥೆಯ ಡೀಸೆಲ್ ಕಾರೊಂದು ವಿದ್ಯುತ್ ಊದುಯಂತ್ರವನ್ನು ಹೊತ್ತು ಮಾರುಕಟ್ಟೆಗೆ ಬಂತು. ಅದರ ಬಲ ಏಳು ಕಿಲೋವ್ಯಾಟ್ ತನಕ. ಅದಕ್ಕೆಂದೇ 48 ವೋಲ್ಟಿನ ಬೇರೆ ವ್ಯವಸ್ಥೆಯಿತ್ತು. ನಮ್ಮ ಹವ್ಯಾಸಿಗಿರುವುದು 12 ವೋಲ್ಟು ಮಾತ್ರ. ಮೂರೂವರೆ ಕಿಲೋವ್ಯಾಟಿಗೆ ಬ್ಯಾಟರಿಯಿಂದ ಹರಿಯಬೇಕಾದದ್ದು ಸುಮಾರು 300 ಆಂಪಿಯರ್. ಆ ಕಾಲದ ಎಂಜಿಬಿಯ ಡೈನಮೋ ಕೊಡಬಲ್ಲದ್ದು 22 ಆಂಪಿಯರ್. ದಿಬ್ಬದ ಮೇಲೆ ಹತ್ತು ಸೆಕೆಂಡು ಊದಿಸಿಕೊಂಡ ಕಾರು, ಆ ಸಾಲವನ್ನು ಬ್ಯಾಟರಿಗೆ ಮರಳಿಸಲು, ದೀಪಗಳನ್ನು ಆರಿಸಿಕೊಂಡು ಎರಡು ನಿಮಿಷಕ್ಕೂ ಮೇಲೆ ಓಡಬೇಕು.