ಗರಿ ಕಿತ್ತುಕೊಳ್ಳುವ ಗಿಣಿ, ಗಿಣಿಪಾಠದ ನಾವು

ಬರೆಯದೆ ತುಂಬಾ ದಿನ ಆಗಿತ್ತು. ಪ್ರಾಜೆಕ್ಟು, ರಿಲೀಸು ಅಂತ ನೆಪ ಹೇಳಬಹುದು, ಆದರೆ ನಿಜ ಹೇಳಬೇಕಂದ್ರೆ ಬರೆಯೋಕೆ ಏನೂ ಇರಲಿಲ್ಲ. ಈಗ ಒಂದು ಗಿಣಿ ಸಿಕ್ಕಿದೆ.

ನನ್ನ ಟೀಮಿನ ಗೆಳೆಯನೊಬ್ಬನ ಮನೆಯಲ್ಲಿ ಆಫ್ರಿಕಾದ ಬೂದು ಗಿಣಿ ಇದೆ. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕೆಂಪು. ವರ್ಕ್ ಫ್ರಂ ಹೋಮ್ ಇದ್ದ ಕಾಲದಲ್ಲಿ ಅದು ಇವನ ಮೀಟಿಂಗುಗಳಲ್ಲೆಲ್ಲ ಹಾಜರಿರುತ್ತಿತ್ತು, ಮೈಕ್ರೋವೇವಿನ 'ಟಿಂಗ್' ಸದ್ದು ಮಾಡಿ ಎಲ್ಲರನ್ನೂ ನಗಿಸುತ್ತಿತ್ತು. ಆಮೇಲೆ ಆಫೀಸು ಶುರುವಾಯ್ತು. ಬೆಳಗ್ಗೆ ಎಂಟಕ್ಕೆ ಹೋದವನು ರಾತ್ರಿ ಎಂಟಕ್ಕೆ ಬರೋದು. ಮೊನ್ನೆ ಅವನ ಮನೆಗೆ ಹೋದಾಗ ನೋಡ್ತೀನಿ, ಗಿಣಿಯ ಎದೆ ಪೂರ್ತಿ ಬೋಳು. ತಲೆ ಮಾತ್ರ ಮುಂಚಿನ ಹಾಗೇ, ನೀಟಾಗಿ ಬಾಚಿದಂತೆ. ಕೆಳಗೆ ಕೋಳಿ ಅಂಗಡಿಯಲ್ಲಿ ನೇತು ಹಾಕಿದ ಹಾಗೆ ಗುಲಾಬಿ ಚರ್ಮ. ನಾವು ನೋಡುತ್ತಿದ್ದಂತೆಯೇ ರೆಕ್ಕೆ ಸಂದಿಗೆ ಕೊಕ್ಕು ಹಾಕಿ ಒಂದು ಗರಿ ಎಳೆದು, ಅದನ್ನು ಸ್ವಲ್ಪ ಹೊತ್ತು ಕಚ್ಚಾಡಿ ಕೆಳಗೆ ಬಿಟ್ಟಿತು.

ಭಾನುವಾರ ಅಜ್ಜಿಗೆ ಫೋನ್ ಮಾಡಿದಾಗ ಇದನ್ನು ಹೇಳಿದೆ.

"ನಮ್ಮ ರಾಮುನೂ ಹಂಗೇ ಮಾಡ್ತಿತ್ತಲ್ಲೋ" ಅಂದ್ರು ಅಜ್ಜಿ. "ನಿಂಗೆ ಹೆಂಗೆ ಗೊತ್ತಿರತ್ತೆ, ನೀವೆಲ್ಲ ಬಸ್ಸು ಹತ್ತಿ ಹೋದ ಮೇಲಲ್ವಾ ಅದು ಶುರು ಮಾಡ್ತಿದ್ದಿದ್ದು."

ರಾಮು ಅಂದ್ರೆ ಸಾಗರದ ಕಡೆಯ ನಮ್ಮ ಅಜ್ಜನ ಮನೆಯ ಗಿಣಿ. ಕತ್ತಿಗೆ ಗುಲಾಬಿ ಪಟ್ಟಿ ಇರುವ ನಮ್ಮೂರಿನದೇ ಹಸಿರು ಗಿಣಿ. ಬೇಸಿಗೆ ರಜೆಯಲ್ಲಿ ನಾವು ಎಂಟು ಜನ ಮೊಮ್ಮಕ್ಕಳು ಅಲ್ಲಿ ಸೇರುತ್ತಿದ್ದೆವು. ಜಗಲಿಯ ಪಂಜರದ ಸುತ್ತ ಬೆಳಗಿನಿಂದ ಸಂಜೆ ತನಕ ಗಲಾಟೆ. ಅದಕ್ಕೆ ನಮ್ಮ ಹೆಸರುಗಳನ್ನು ಕಲಿಸುವ ಪಂದ್ಯ ಬೇರೆ. ನನ್ನ ಹೆಸರು ಕಲಿಸಲು ಒಂದು ವಾರ ಗಂಟಲು ಹರಿದುಕೊಂಡಿದ್ದೆ. ಜೂನ್ ಬಂತು, ಶಾಲೆ ಶುರು, ನಾವು ಹೋದೆವು. ಆಮೇಲೆ ಮಳೆ. ಇರಿಚಲು ಹೊಡೆಯುತ್ತದೆಂದು ಪಂಜರವನ್ನು ಜಗಲಿಯಿಂದ ತೆಗೆದು ಒಳಗಿನ ಕತ್ತಲೆ ಕೋಣೆಯಲ್ಲಿ ಇಡುತ್ತಿದ್ದರಂತೆ. ಅಲ್ಲಿ ಅದು ತನ್ನ ಎದೆಯ ಗರಿಯನ್ನು ತಾನೇ ಕಿತ್ತುಕೊಳ್ಳುತ್ತಿತ್ತು. ಹೇನು ಅಂತ ಒಬ್ಬರು, ದೃಷ್ಟಿ ಅಂತ ಇನ್ನೊಬ್ಬರು. ಅಜ್ಜಿ ಬೇವಿನ ಎಣ್ಣೆ ಅರಿಶಿನ ಹಚ್ಚಿದ್ದೇ ಹಚ್ಚಿದ್ದು.

ಇದೊಂದು ಮಾತು ತಲೆಯಲ್ಲಿ ಕೂತುಬಿಟ್ಟಿತು. ಎರಡು ವಾರಾಂತ್ಯ ಬೇರೇನೂ ಮಾಡದೆ, ನಮ್ಮ ಜನ ಗಿಣಿ ಸಾಕಿದ ಕಥೆಯನ್ನು ಸಿಕ್ಕಲ್ಲೆಲ್ಲ ಓದಿದೆ. (ಇಂಜಿನಿಯರಿಂಗಿನಲ್ಲಿ ಇಷ್ಟು ಓದಿದ್ದರೆ ಒಂದು ಸಬ್ಜೆಕ್ಟೂ ಉಳೀತಿರಲಿಲ್ಲ :) )

ಕಥೆ ಹಳೆಯದು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ಬರುವ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗಿಣಿಗೂ ಗೊರವಂಕಕ್ಕೂ ಮಾತು ಕಲಿಸುವುದು ಒಂದು. ಅಂದರೆ ಹಾಡು, ಕುಣಿತ, ಅಡುಗೆಯ ಸಾಲಿನಲ್ಲೇ ಅದೂ ಒಂದು ವಿದ್ಯೆ. ಏಳನೇ ಶತಮಾನದ ಬಾಣನ ಕಾದಂಬರಿಯಲ್ಲಿ ಕಥೆ ಶುರುವಾಗುವುದೇ ಶೂದ್ರಕ ಮಹಾರಾಜನ ಆಸ್ಥಾನಕ್ಕೆ ಪಂಜರದಲ್ಲಿ ಬಂದ ವೈಶಂಪಾಯನ ಎಂಬ ಗಿಣಿಯಿಂದ. ಅದು ಬಲಗಾಲೆತ್ತಿ ರಾಜನಿಗೆ ಶ್ಲೋಕ ಹೇಳುತ್ತದೆ. ನಮ್ಮ ನಾಗವರ್ಮ ಇದನ್ನು ಕನ್ನಡಕ್ಕೆ ತಂದ. ಶುಕಸಪ್ತತಿಯ ಗಿಣಿ ದಿನಕ್ಕೊಂದರಂತೆ ಎಪ್ಪತ್ತು ಕಥೆ ಹೇಳುತ್ತದೆ. ಅದೇ ಗಿಣಿ 1330ರಲ್ಲಿ ನಖ್‌ಶಬಿಯ ಕೈಯಲ್ಲಿ ಪಾರ್ಸಿ ಕಲಿತು ತೂತಿನಾಮಾ ಆಯಿತು. ಅಲ್ಲಿ ಐವತ್ತೆರಡೇ ರಾತ್ರಿ. ಅಕ್ಬರ ಅದಕ್ಕೆ ಚಿತ್ರ ಬರೆಸಿದ.

ಹೊರಗಿನವರಿಗಂತೂ ಇದು ದೊಡ್ಡ ಅಚ್ಚರಿ. ಕ್ರಿ.ಪೂ. 400ರ ಸುಮಾರಿಗೆ ಪರ್ಶಿಯಾದ ದೊರೆಯ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕ್‌ನವನು ಇಂಡಿಯಾದ ಬಗ್ಗೆ ಒಂದು ಪುಸ್ತಕ ಬರೆದ. ಇಂಡಿಯಾದಲ್ಲೊಂದು ಹಕ್ಕಿ ಇದೆ, ಅಲ್ಲಿನ ಭಾಷೆಯನ್ನು ಮನುಷ್ಯನ ಹಾಗೆ ಆಡುತ್ತದೆ, ಗ್ರೀಕ್ ಕಲಿಸಿದರೆ ಗ್ರೀಕೂ ಆಡುತ್ತದೆ ಅಂತ ಅದರಲ್ಲಿದೆ. ಅಲೆಕ್ಸಾಂಡರನ ನೌಕಾಪಡೆಯ ನಾಯಕ ನಿಯಾರ್ಕಸ್ ಕೂಡ ಗಿಣಿಯನ್ನು ಮಹಾ ವಿಸ್ಮಯ ಎಂದು ವರ್ಣಿಸಿದ್ದನಂತೆ. ಸುಮಾರು ನಾಲ್ಕೂವರೆ ಶತಮಾನ ಕಳೆದು ಅದನ್ನು ಓದಿದ ಆರಿಯನ್, ನಾನೇ ಎಷ್ಟೋ ಗಿಣಿ ನೋಡಿದ್ದೇನೆ, ಇದರಲ್ಲಿ ವಿಚಿತ್ರ ಏನೂ ಇಲ್ಲ, ಹಾಗಾಗಿ ಬರೆಯುವುದಿಲ್ಲ ಅಂತ ಮುಂದಕ್ಕೆ ಹೋಗಿಬಿಡುತ್ತಾನೆ. ನನಗೆ ನಗು ಬಂದದ್ದು ಇಲ್ಲಿ. ಅಷ್ಟರೊಳಗೆ ಗಿಣಿ ರೋಮನ್ನರ ಮನೆಮನೆಯ ಸಾಮಾನಾಗಿತ್ತು ಅನ್ನಿಸುತ್ತೆ.

ಅದೇ ರೋಮಿನ ಪ್ಲಿನಿ ಒಂದನೇ ಶತಮಾನದಲ್ಲಿ ಇನ್ನೊಂದು ವಿಷಯ ಬರೆದಿದ್ದಾನೆ. ಗಿಣಿಯ ತಲೆ ಕೊಕ್ಕಿನಷ್ಟೇ ಗಟ್ಟಿ, ಮಾತು ಕಲಿಸುವಾಗ ಕಬ್ಬಿಣದ ಸರಳಿನಿಂದ ತಲೆಗೆ ಹೊಡೆಯಬೇಕು, ಇಲ್ಲದಿದ್ದರೆ ಅದಕ್ಕೆ ತಾಗುವುದೇ ಇಲ್ಲ ಅಂತ! ಅದರ ಮೇಲಿನ ಸಾಲಿನಲ್ಲೇ ಅದು ಚಕ್ರವರ್ತಿಗೆ ನಮಸ್ಕಾರ ಹೇಳುವುದರ ಹೊಗಳಿಕೆ.

ಹೀಗೆ ಓದುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಎಲ್ಲರೂ ಬರೆದದ್ದು ಗಿಣಿಯ ನಾಲಿಗೆ ಬಗ್ಗೆ. ಅದು ಏನು ಹೇಳಿತು, ಎಷ್ಟು ಚೆನ್ನಾಗಿ ಹೇಳಿತು, ಯಾರ ಎದುರು ಹೇಳಿತು. ಹೇಳಿ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಆ ಪಂಜರದಲ್ಲಿ ಏನು ಮಾಡುತ್ತಿತ್ತು ಅಂತ ನಾನು ಓದಿದಷ್ಟರಲ್ಲಿ ಯಾರೂ ಕೇಳಿಲ್ಲ. ನಮ್ಮ ಭಾಷೆಯನ್ನೇ ನೋಡಿ. ಅರ್ಥವಾಗದೆ ಉರು ಹೊಡೆದರೆ ಗಿಣಿಪಾಠ. ಮತ್ತೆ ಮತ್ತೆ ಬಿಡಿಸಿ ಹೇಳಿದರೆ 'ಗಿಣಿಗೆ ಹೇಳಿದ ಹಾಗೆ' ಹೇಳಿದ್ದು. ತಲೆಯೊಳಗೆ ಏನೂ ಇಲ್ಲ ಅಂತ ಮೊದಲೇ ತೀರ್ಮಾನ ಮಾಡಿ ಆಗಿದೆ.

ಗರಿಯ ಮಾತು ಒಂದೇ ಕಡೆ ಸಿಕ್ಕಿತು, ಅದೂ ಬೇರೆ ಅರ್ಥದಲ್ಲಿ. ರೋಮಿನ ಕವಿ ಓವಿಡ್ ತನ್ನ ಪ್ರೇಯಸಿಯ ಇಂಡಿಯಾ ಗಿಣಿ ಸತ್ತಾಗ ಒಂದು ಶೋಕಗೀತೆ ಬರೆದಿದ್ದಾನೆ. ಊರಿನ ಹಕ್ಕಿಗಳನ್ನೆಲ್ಲ ಸಾವಿನ ಮನೆಗೆ ಕರೆಯುತ್ತಾನೆ. ದುಃಖದಲ್ಲಿ ಮನುಷ್ಯರು ತಲೆಕೂದಲು ಕಿತ್ತುಕೊಳ್ಳುವ ಹಾಗೆ ನೀವು ಗರಿ ಕಿತ್ತುಕೊಳ್ಳಿ ಎನ್ನುತ್ತಾನೆ. ಅವನು ತಮಾಷೆಗೆ ಬರೆದನೋ ಏನೋ. ಗೆಳೆಯನ ಮನೆಯ ಗಿಣಿ ನೋಡಿ ಬಂದವನಿಗೆ ಅದು ತಮಾಷೆ ಅನ್ನಿಸಲಿಲ್ಲ.

ಹಿಡಿಯುವವರ ಕಥೆಯೂ ಬಾಣನಲ್ಲೇ ಇದೆ. ಬೇಟೆಗಾರನೊಬ್ಬ ಬೂರುಗದ ಮರ ಹತ್ತಿ ಪೊಟರೆಗಳಿಂದ ಗಿಣಿಗಳನ್ನು ಎಳೆದು, ಕತ್ತು ಮುರಿದು ಕೆಳಗೆ ಎಸೆಯುತ್ತಾನೆ. ಅಪ್ಪನ ರೆಕ್ಕೆಯಡಿ ಇದ್ದ ಮರಿಯೊಂದು ತರಗೆಲೆಯ ರಾಶಿಯ ಮೇಲೆ ಬಿದ್ದು ಬದುಕುತ್ತದೆ. ಅದೇ ವೈಶಂಪಾಯನ. ಗಿಣಿಗಳು ಗೂಡು ಮಾಡುವುದು ಈಗಲೂ ಮರದ ಪೊಟರೆಯಲ್ಲೇ, ಕಳ್ಳರು ಮರಿ ಕದಿಯುವುದೂ ಅಲ್ಲಿಂದಲೇ. ನಮ್ಮ ದೇಶದ ಗಿಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. 1990-91ರಲ್ಲಿ ದೇಶದ ಹಕ್ಕಿಗಳ ವ್ಯಾಪಾರವೇ ನಿಂತಿತು, ಕಾಗದದ ಮೇಲಾದರೂ. ಅಂದರೆ ನಮ್ಮ ರಾಮು ಜಗಲಿಯಲ್ಲಿ ಇದ್ದದ್ದೇ ಕಾನೂನಿಗೆ ವಿರುದ್ಧ. ಅಜ್ಜನಿಗೆ ಅದು ಗೊತ್ತಿರಲಿಲ್ಲ. ಸಂತೆಯಿಂದ ಬುಟ್ಟಿಯಲ್ಲಿ ಬಂದ ಮರಿ, ಅಷ್ಟೇ. ಗೆಳೆಯನದ್ದು ವಿದೇಶಿ ಹಕ್ಕಿ, ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದಾನೆ. ಆದರೆ ಆ ಜಾತಿಯನ್ನು ಕಾಡಿನಿಂದ ಎಷ್ಟು ಹಿಡಿದರು ಅಂದರೆ, 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಅತ್ಯಂತ ಬಿಗಿಯಾದ ನಿಷೇಧದ ಪಟ್ಟಿಗೆ ಅದನ್ನು ಸೇರಿಸಬೇಕಾಯ್ತು.

ಇನ್ನು ಗರಿ. 19ನೇ ಶತಮಾನದ ಯುರೋಪಿನ ಹಕ್ಕಿ ಸಾಕುವವರು ಇದನ್ನು ಒಂದು ಕೆಟ್ಟ ಚಟ ಅಂತಲೇ ನೋಡಿದರು. ಬೈಗುಳ ಗಿಣಿಗೆ. ಗಿಣಿಯ ತಲೆಯೊಳಗೆ ಏನೋ ಇದೆ ಅಂತ ಗಂಭೀರವಾಗಿ ಹುಡುಕಲು ಹೊರಟವರಲ್ಲಿ ಐರಿನ್ ಪೆಪ್ಪರ್‌ಬರ್ಗ್ ಮುಖ್ಯರು. 1977ರಲ್ಲಿ ಶಿಕಾಗೋದ ಅಂಗಡಿಯೊಂದರಿಂದ ಒಂದು ವರ್ಷದ ಬೂದು ಗಿಣಿ ತಂದು ಅಲೆಕ್ಸ್ ಅಂತ ಹೆಸರಿಟ್ಟರು. ಮೂವತ್ತು ವರ್ಷದಲ್ಲಿ ಅದು ಐವತ್ತಕ್ಕೂ ಹೆಚ್ಚು ವಸ್ತು, ಏಳು ಬಣ್ಣ, ಐದು ಆಕಾರ, ಆರರ ತನಕ ಎಣಿಕೆ ಕಲಿತಿತ್ತು. ಎರಡು ವಸ್ತುಗಳಲ್ಲಿ ವ್ಯತ್ಯಾಸ ಏನೂ ಇಲ್ಲದಿದ್ದರೆ 'ಇಲ್ಲ' ಅನ್ನುತ್ತಿತ್ತು. 2007ರ ಸೆಪ್ಟೆಂಬರ್‌ನಲ್ಲಿ ಸತ್ತಾಗ ಅದಕ್ಕೆ 31 ವರ್ಷ. ಗಿಣಿಪಾಠ ಅನ್ನೋ ಪದಕ್ಕೆ ಅಲ್ಲಿಗೆ ಅರ್ಥ ಉಳಿಯಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. 16 ಅಮೆಜಾನ್ ಗಿಣಿ ಮರಿಗಳು, 48 ವಾರ. ಅರ್ಧದಷ್ಟಕ್ಕೆ ಬಟ್ಟಲಿನಲ್ಲಿ ಊಟ, ಬೋಳು ಪಂಜರ. ಉಳಿದವಕ್ಕೆ ಊಟವನ್ನು ತೂತಿನಿಂದ ಎಳೆದು, ಸಿಪ್ಪೆ ಹರಿದು, ಮುಚ್ಚಳ ತೆಗೆದು ಹುಡುಕಿಕೊಳ್ಳುವ ಕೆಲಸ, ಜೊತೆಗೆ ಹತ್ತಲು ಕುಣಿಯಲು ಸಾಮಾನು. ಬೋಳು ಪಂಜರದವು ಗರಿ ಕೀಳಲು ಹಿಡಿದವು. ಆಮೇಲೆ ಅವಕ್ಕೂ ಅದೇ ಕೆಲಸ ಕೊಟ್ಟಾಗ ಗರಿ ಸುಧಾರಿಸಿತು. ಕಾಡಿನ ಅಮೆಜಾನ್ ಗಿಣಿ ದಿನಕ್ಕೆ ನಾಲ್ಕರಿಂದ ಆರು ಗಂಟೆ ಊಟ ಹುಡುಕುತ್ತದೆ, ಪಂಜರದ್ದಕ್ಕೆ ಸುಮಾರು ಒಂದು ಗಂಟೆಯಲ್ಲಿ ಎಲ್ಲ ಮುಗಿದಿರುತ್ತದೆ. ಉಳಿದ ಗಂಟೆಗಳಲ್ಲಿ ಆ ಕೊಕ್ಕು ಎಲ್ಲಿಗೆ ಹೋಗಬೇಕು? 2021ರಲ್ಲಿ 50 ಜಾತಿಯ ಗಿಣಿಗಳನ್ನು ಹೋಲಿಸಿದ ಇನ್ನೊಂದು ಅಧ್ಯಯನವೂ ಇದನ್ನೇ ತೋರಿಸಿತು. ಕಾಡಿನಲ್ಲಿ ಊಟವನ್ನು ಸುಲಿದು, ಒಡೆದು ಹೆಚ್ಚು ಒದ್ದಾಡಿ ತಿನ್ನುವ ಜಾತಿಗಳಲ್ಲೇ ಗರಿ ಹಾಳುಮಾಡಿಕೊಳ್ಳುವ ತೊಂದರೆ ಹೆಚ್ಚು.

ಇಷ್ಟು ಓದಿದವನು ಪಂಡಿತನ ಹಾಗೆ ಗೆಳೆಯನಿಗೆ ಉಪದೇಶ ಮಾಡಲು ಹೋದೆ. ಅವನು ಆಗಲೇ ಹಕ್ಕಿ ಡಾಕ್ಟರ ಹತ್ತಿರ ಹೋಗಿ ಬಂದಿದ್ದ. ಅವರು ಮೊದಲು ರಕ್ತ, ಹಿಕ್ಕೆ ಎಲ್ಲ ಪರೀಕ್ಷೆ ಮಾಡಿದರಂತೆ. ಹೇನು, ಸೋಂಕು, ಲಿವರ್ ತೊಂದರೆ, ಸತುವಿನ ವಿಷ, ಬರೀ ಸೂರ್ಯಕಾಂತಿ ಬೀಜ ತಿಂದು ಬರುವ ವಿಟಮಿನ್ ಎ ಕೊರತೆ, ಇವೆಲ್ಲಕ್ಕೂ ಗರಿ ಹೋಗಬಹುದು. ತಲೆಯ ಗರಿ ಸರಿಯಿದ್ದು ಕೊಕ್ಕು ಎಟುಕುವ ಕಡೆ ಮಾತ್ರ ಬೋಳಾಗಿದ್ದರೆ ಅದು ಹಕ್ಕಿಯದೇ ಕೆಲಸ. ಆದರೆ ಯಾಕೆ ಅನ್ನೋದು ಅಷ್ಟರಿಂದ ಗೊತ್ತಾಗಲ್ಲ. ತುಂಬಾ ವರ್ಷ ಕಿತ್ತರೆ ಗರಿಯ ಬುಡವೇ ಸತ್ತು ಮತ್ತೆ ಬರದೇ ಇರಬಹುದು ಅಂತಲೂ ಹೇಳಿದರಂತೆ. ಇದನ್ನು ಹೇಳುವಾಗ ಗೆಳೆಯ ಗಿಣಿಯ ಕಡೆ ನೋಡಲಿಲ್ಲ.

ಮತ್ತೆ ಅಜ್ಜಿಗೆ ಫೋನ್ ಮಾಡಿದೆ. ರಾಮುಗೆ ಹೋದ ಗರಿ ವಾಪಸ್ ಬರ್ತಿತ್ತಾ?

"ಬರದೇ ಏನು. ಅಡಿಕೆ ಸುಲಿಯೋ ಹೊತ್ತಿಗೆ ಮೈ ತುಂಬ ಬರ್ತಿತ್ತು. ಬೇವಿನೆಣ್ಣೆ ಹಿಡಿಯೋಕೆ ಅಷ್ಟು ತಿಂಗಳು ಬೇಕು ಕಣೋ."

ಅಡಿಕೆ ಸುಲಿಯೋ ಕಾಲ ನೋಡಿದವರಿಗೆ ಗೊತ್ತು. ರಾತ್ರಿ ಜಗಲಿ ತುಂಬ ಜನ, ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತು ಸುಲಿಯುತ್ತಾ ಊರ ಸುದ್ದಿಯೆಲ್ಲ ಆಡುತ್ತಾರೆ. ಮಳೆ ನಿಂತಿರುತ್ತೆ, ಪಂಜರ ಮತ್ತೆ ಜಗಲಿಗೆ. ರಾಮು ಆಗ ಏನು ಮಾಡ್ತಿತ್ತು ಅಂದೆ. "ಅದೂ ಸುಲೀತಿತ್ತು" ಅಂತ ಅಜ್ಜಿ ನಕ್ಕರು. ಯಾರೋ ಅಡಿಕೆ ಸಿಪ್ಪೆ ಸಂದಿಯಲ್ಲಿ ತುರುಕುತ್ತಿದ್ದರಂತೆ, ಅದನ್ನು ಎಳೆ ಎಳೆ ಬಿಡಿಸಿ ಪಂಜರದ ತುಂಬ ರಾಶಿ ಹಾಕುತ್ತಿತ್ತಂತೆ. ಗುಡಿಸೋ ಕೆಲಸ ಅಜ್ಜಿಯದು.

ಹೊಸ ಗರಿ ಬರುವ ಕಾಲವೂ ಅದೇ ಇದ್ದಿರಬಹುದು, ಒಂದೇ ಹಕ್ಕಿಯ ಮೇಲೆ ಥಿಯರಿ ಕಟ್ಟಬಾರದು, ಗೊತ್ತು. ಬೇವಿನೆಣ್ಣೆಯದ್ದಲ್ಲ ಅಂತ ಅಜ್ಜಿಗೆ ಹೇಳೋಕೆ ಹೋಗಲಿಲ್ಲ. ನನ್ನ ಹೆಸರನ್ನು ಅದು ಕಲಿತಿತ್ತಾ ಅಂತ ಮಾತ್ರ ಕೇಳಿದೆ. ಮಳೆಗಾಲದಲ್ಲಿ ಒಳಗಿನ ಕೋಣೆಯಿಂದ ಕೂಗ್ತಿತ್ತು ಅಂದ್ರು.

ಊರಿಗೆ ಹೋಗಿ ಬರುವಾಗ ಅಜ್ಜಿ ಒಂದು ಚೀಲ ಕೊಟ್ಟರು. ಅಡಿಕೆ ಸಿಪ್ಪೆ ಬೇಡ ಅಂತ ಡಾಕ್ಟರು ಹೇಳಿದ್ದರಿಂದ ಒಣಗಿದ ಬಾಳೆಪಟ್ಟೆ. ಗೆಳೆಯ ಅದರೊಳಗೆ ಬಾದಾಮಿ ಸುತ್ತಿ ದಾರ ಬಿಗಿಯದೆ ಬರೀ ಮಡಚಿ ಪಂಜರಕ್ಕೆ ಸಿಕ್ಕಿಸಿ ಹೋಗುತ್ತಾನೆ, ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಕೇಳಿ ಪಡೆದಿದ್ದಾನೆ. ಮೂರು ತಿಂಗಳಾಯ್ತು. ಎದೆ ಇನ್ನೂ ಬೋಳೇ. ಕತ್ತಿನ ಕೆಳಗೆ ಮಾತ್ರ ಮುಳ್ಳಿನಂಥ ಹೊಸ ಗರಿ ನಾಲ್ಕೈದು ಮೂಡಿವೆ, ಹೋದ ವಾರ ಅದರಲ್ಲಿ ಎರಡನ್ನು ಕಿತ್ತಿತ್ತು.